ಮರೆವಿನ ಪಾಠವನ್ನೇ ಮರೆತ ಮಕ್ಕಳು

ಆರು ವರ್ಷದ ಹಿಂದಿನ ಮಾತು. ತೀರ್ಥಹಳ್ಳಿ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಬಿ.ಎ. ಮೊದಲ ವರ್ಷದವರಿಗೆ ಮನಃಶಾಸ್ತ್ರ ಹೇಳಿಕೊಡುತ್ತಿದ್ದೆ. ಮಳೆಗಾಲದಲ್ಲಿ ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ನನ್ನ ಮಾತು ಮೂರನೇ ಬೆಂಚು ದಾಟುತ್ತಿರಲಿಲ್ಲ. ಅದೊಂದು ನೆಪ ಸಿಕ್ಕಿತು. ಪಾಠ ಮಾಡುವ ಬದಲು ನೋಟ್ಸ್ ಬರೆಸುತ್ತಿದ್ದೆ. ಮಕ್ಕಳಿಗೂ ಅದೇ ಬೇಕಿತ್ತು.

'ಕಲಿಕೆ ಮತ್ತು ನೆನಪು' ಘಟಕ ಮುಗಿದು ಮೂರು ವಾರ ಆಗಿತ್ತು. ಒಂದು ದಿನ ಪುಸ್ತಕ ಮುಚ್ಚಿಸಿ ಸುಮ್ನೆ ಒಂದು ಪ್ರಶ್ನೆ ಕೊಟ್ಟೆ: ಮನುಷ್ಯ ಯಾಕೆ ಮರೆಯುತ್ತಾನೆ? ಹತ್ತು ನಿಮಿಷ ಟೈಮು. ಹೆಚ್ಚಿನವರು ಪ್ರಶ್ನೆಯನ್ನೇ ಅಂದವಾಗಿ ಬರೆದು, ಕೆಳಗೆ ಗೆರೆ ಎಳೆದು, ಕಿಟಕಿ ಕಡೆ ನೋಡುತ್ತಾ ಕೂತರು. ಒಬ್ಬ ಬರೆದಿದ್ದ: 'ಮರೆವು ಎಂದರೆ ನೆನಪಿಲ್ಲದಿರುವುದು.' ತಪ್ಪು ಅಂತ ಹೇಳೋ ಹಾಗೂ ಇಲ್ಲ.

ಮರೆವಿನ ಪಾಠವನ್ನೇ ಮರೆತಿದ್ದಾರಲ್ಲ ಅಂತ ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ಮನೆಗೆ ಹೋಗುವ ಬಸ್ಸಿನಲ್ಲಿ ಕೂತಾಗ ನಗು ಬರಲಿಲ್ಲ. ಮತ್ತೆ ಮತ್ತೆ ಓದಿದರೆ ಸಾಲದು, ಅಂತರ ಬಿಟ್ಟು ನೆನಪಿಸಿಕೊಳ್ಳಬೇಕು ಅಂತ ನಾನೇ ಬರೆಸಿದ್ದೆ. ಆದರೆ ಅಷ್ಟು ದಿನದಲ್ಲಿ ಒಂದು ಸಲವೂ ಅವರ ಹತ್ತಿರ ಏನನ್ನೂ ನೆನಪಿಸಿಕೊಳ್ಳಲು ಹೇಳಿರಲಿಲ್ಲ. ನಾನು ತುಂಬಿಸಿದ್ದೇ ತುಂಬಿಸಿದ್ದು. ತೆಗೆಸಿದ್ದು ಯಾವತ್ತೂ ಇಲ್ಲ.

ಮುಂದಿನ ವರ್ಷ ಆ ಘಟಕವನ್ನು ಬೇರೆ ಥರ ಮಾಡಿದೆ.

ಶುರು ಮಾಡಿದ್ದು ಎಬ್ಬಿಂಗ್‌ಹೌಸ್‌ನಿಂದ. ಈ ಜರ್ಮನ್ ಮನುಷ್ಯ ಅರ್ಥವಿಲ್ಲದ 2300ರಷ್ಟು ಪುಟ್ಟ ಶಬ್ದಗಳನ್ನು ಕಟ್ಟಿಕೊಂಡು, ಪಟ್ಟಿ ಮಾಡಿ, ಬಾಯಿಪಾಠ ಹಾಕಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದ. ಬೇರೆ ಯಾರನ್ನೂ ಕೂರಿಸಲಿಲ್ಲ, ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡ. 1885ರಲ್ಲಿ ಅದನ್ನು ಪುಸ್ತಕ ಮಾಡಿದ. ಅರ್ಥವಿದ್ದರೆ ಹಳೆಯ ನೆನಪಿನ ಆಸರೆ ಸಿಕ್ಕಿಬಿಡುತ್ತದೆ, ಅದಕ್ಕೇ ಅರ್ಥವಿಲ್ಲದ್ದೇ ಬೇಕಾಗಿತ್ತು.

ನಾನೂ ಬೋರ್ಡಿನ ಮೇಲೆ ಕನ್ನಡದಲ್ಲಿ ಅಂಥವು ಹನ್ನೆರಡು ಬರೆದೆ. ಝುಮೆಪ, ಟಿಗೋಳ, ತೀಹಳ, ಹೀಗೆ. ಒಂದೇ ನಿಮಿಷಕ್ಕೆ ಹಿಂದಿನ ಬೆಂಚಿನಿಂದ ಕೂಗು ಬಂತು: "ಮೇಡಂ, ತೀಹಳ ಅಂದ್ರೆ ತೀರ್ಥಹಳ್ಳಿ!" ಮರುದಿನ ಕೇಳಿದರೆ ತೀಹಳ ಒಂದು ಎಲ್ಲರಿಗೂ ನೆನಪಿತ್ತು. ಉಳಿದ ಹನ್ನೊಂದು ಚೆಲ್ಲಾಪಿಲ್ಲಿ. ಎಬ್ಬಿಂಗ್‌ಹೌಸ್ ಯಾಕೆ ಅರ್ಥಕ್ಕೆ ಅಷ್ಟು ಹೆದರಿದ್ದ ಅಂತ ನಾನು ವಿವರಿಸಬೇಕಾಗಿ ಬರಲಿಲ್ಲ.

ಇಲ್ಲಿ ನಾನೇ ವರ್ಷಗಟ್ಟಲೆ ಹೇಳಿಕೊಟ್ಟ ಒಂದು ತಪ್ಪನ್ನು ಹೇಳಬೇಕು. 'ಒಂದು ದಿನಕ್ಕೆ ಮೂರರಲ್ಲಿ ಎರಡು ಪಾಲು ಮರೆತುಹೋಗುತ್ತದೆ' ಅಂತ ಬರೆಸುತ್ತಿದ್ದೆ. ಆತ ಅಳೆದದ್ದು ಅದನ್ನಲ್ಲ. ಒಂದು ಪಟ್ಟಿಯನ್ನು ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯಿತು ಅನ್ನುವುದನ್ನು ಅಳೆದ. ಇಪ್ಪತ್ತು ನಿಮಿಷದ ಮೇಲೆ ಕಲಿತರೆ ಶೇ. 58ರಷ್ಟು ಉಳಿತಾಯ, ಒಂದು ದಿನ ಬಿಟ್ಟರೆ ಶೇ. 34, ಒಂದು ತಿಂಗಳು ಬಿಟ್ಟರೂ ಶೇ. 21. ಅಂದರೆ ಪೂರ್ತಿ ಮರೆತೆ ಅಂದುಕೊಂಡದ್ದೂ ಎಲ್ಲೋ ಒಳಗೆ ಒಂದಿಷ್ಟು ಉಳಿದಿರುತ್ತದೆ. ಎರಡನೇ ಸಲ ಬೇಗ ಬರುತ್ತದೆ. ಫೇಲಾಗಿ ಮತ್ತೆ ಓದಲು ಕೂತ ಹುಡುಗನಿಗೆ ಇದನ್ನು ಹೇಳಿ ನೋಡಿ, ಅವನ ಮುಖವೇ ಬೇರೆ ಆಗುತ್ತದೆ.

ಎರಡನೇ ಬದಲಾವಣೆ ಖಾಲಿ ಹಾಳೆ. ಕ್ಲಾಸಿನ ಮೊದಲ ಹತ್ತು ನಿಮಿಷ ಪುಸ್ತಕ ಮುಚ್ಚಿರಬೇಕು. ನಿನ್ನೆಯ ಪಾಠದಿಂದ ಒಂದು ಪ್ರಶ್ನೆ, ಹೋದ ವಾರದಿಂದ ಒಂದು, ಹೋದ ತಿಂಗಳಿನಿಂದ ಒಂದು. ನೆನಪಿದ್ದಷ್ಟು ಬರೆಯುವುದು. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನೂ ತಪ್ಪಿದ್ದನ್ನೂ ಕೆಂಪು ಪೆನ್ನಿನಲ್ಲಿ ತಾವೇ ತುಂಬುವುದು. ಈ ಕೆಂಪು ಪೆನ್ನಿನ ಕೆಲಸ ಬಿಟ್ಟರೆ ಕಷ್ಟ. ತಪ್ಪಾಗಿ ನೆನಪಿಸಿಕೊಂಡದ್ದು ತಪ್ಪಾಗಿಯೇ ಗಟ್ಟಿಯಾಗುತ್ತದೆ.

ಮೊದಲ ತಿಂಗಳು ಇದಕ್ಕೆ ಐದು ಅಂಕ ಇಟ್ಟಿದ್ದೆ. ದೊಡ್ಡ ತಪ್ಪು ಅದು. ಅಂಕ ಅಂದ ಕೂಡಲೇ ಪಕ್ಕದವರ ಹಾಳೆಗೆ ಕತ್ತು ವಾಲಿತು. ನೆನಪಿಸಿಕೊಳ್ಳುವ ಬದಲು ನಕಲು ಮಾಡಿದರು. ಅಂಕ ತೆಗೆದುಹಾಕಿದೆ. ಹಾಳೆ ನನಗೆ ಕೊಡುವುದೂ ಬೇಡ ಅಂದೆ. ಆಮೇಲೆ ಕತ್ತುಗಳು ನೆಟ್ಟಗಾದವು.

ಆದರೂ ಗೊಣಗಾಟ ನಿಲ್ಲಲಿಲ್ಲ. "ಮೇಡಂ, ಓದಿದ್ರೆ ಎಲ್ಲಾ ಅರ್ಥ ಆಗತ್ತೆ. ಇದ್ರಲ್ಲಿ ಏನೂ ಬರಲ್ಲ ಅನ್ಸತ್ತೆ." ಅವರು ಹೇಳಿದ್ದು ಸುಳ್ಳಲ್ಲ. ಹಾಗೇ ಅನ್ನಿಸುತ್ತದೆ. ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅವತ್ತು ಬೋರ್ಡಿನ ಮೇಲೆ ಬಿಡಿಸಿದೆ. ಒಂದು ಗುಂಪು ಒಂದು ಬರಹವನ್ನು ಎರಡು ಸಲ ಓದಿತು. ಇನ್ನೊಂದು ಒಂದು ಸಲ ಓದಿ, ಎರಡನೇ ಸಲ ಓದುವ ಬದಲು ನೆನಪಿನಿಂದ ಬರೆಯಿತು. ಐದು ನಿಮಿಷದ ಮೇಲೆ ಪರೀಕ್ಷಿಸಿದರೆ ಎರಡು ಸಲ ಓದಿದವರೇ ಮುಂದು. ಒಂದು ವಾರದ ಮೇಲೆ ಲೆಕ್ಕ ತಿರುಗುಮುರುಗು: ಬರೆದವರು ಶೇ. 56 ನೆನಪಿಸಿಕೊಂಡರು, ಓದಿದವರು ಶೇ. 42. ಅವರ ಎರಡನೇ ಪ್ರಯೋಗದಲ್ಲಿ 'ನಿಮಗೆ ಎಷ್ಟು ನೆನಪಿರುತ್ತೆ ಅನ್ಸತ್ತೆ' ಅಂತ ಕೇಳಿದಾಗ ಜಾಸ್ತಿ ಧೈರ್ಯ ಇದ್ದದ್ದು ಓದುತ್ತಲೇ ಇದ್ದವರಿಗೆ. ಪುಟ ಪರಿಚಯವಾಗಿದ್ದನ್ನೇ ಪಾಠ ಬಂತು ಅಂದುಕೊಳ್ಳುತ್ತೇವೆ. ದಿನಾ ಬಸ್ಸಿನಲ್ಲಿ ಕಾಣುವ ಮುಖ ಗುರುತಿದ್ದ ಮಾತ್ರಕ್ಕೆ ಹೆಸರು ಗೊತ್ತಿರುತ್ತಾ?

ನಮ್ಮ ಮನೆಯಲ್ಲಿ ಇದೆಲ್ಲ ಹೊಸದೇನೂ ಆಗಿರಲಿಲ್ಲ. ಚಿಕ್ಕವರಿದ್ದಾಗ ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು ಮಗ್ಗಿ, ವಾರ, ತಿಥಿ, ನಕ್ಷತ್ರ ಹೇಳಬೇಕಿತ್ತು. ಪುಸ್ತಕ ಇಲ್ಲ, ಬಾಯಿ ಮಾತ್ರ. ದಿನಾ ಸ್ವಲ್ಪ ಸ್ವಲ್ಪ. ಇದನ್ನು ಕ್ಲಾಸಿನಲ್ಲಿ ಹೇಳಿದರೆ ಯಾರಾದರೂ 'ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು' ಅಂತ ಶುರು ಮಾಡುತ್ತಾರೆ. ಆಗ ನಾನು ಅತ್ತೆಯ ಕಥೆ ಹೇಳುತ್ತೇನೆ. ನಮ್ಮತ್ತೆ ಇಪ್ಪತ್ತೇಳು ನಕ್ಷತ್ರವನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. 'ಮಖೆಯ ಹಿಂದಿನದು ಯಾವುದು ಅತ್ತೆ?' ಅಂತ ಕೇಳಿ ನೋಡಿದೆ. ಅಶ್ವಿನಿ, ಭರಣಿ, ಕೃತ್ತಿಕೆ ಅಂತ ಮೊದಲಿನಿಂದ ಹೊರಟು, ಮಖೆ ಬಂದಾಗ ನಿಂತು, ಒಂದು ಹೆಜ್ಜೆ ಹಿಂದೆ ಬಂದರು.

ಪಕ್ಕದಲ್ಲೇ ಅಡಿಕೆ ಹಾಳೆ ಜೋಡಿಸುತ್ತಿದ್ದ ಅಪ್ಪಯ್ಯ ತಲೆ ಎತ್ತದೆ ಹೇಳಿದರು: "ಆಶ್ಲೇಷ. ಕೊಳೆಗೆ ಎರಡನೇ ಸಲ ಔಷಧಿ ಹೊಡೆಯೋ ಮಳೆ."

ಅಪ್ಪಯ್ಯನಿಗೆ ನಕ್ಷತ್ರದ ಹೆಸರು ಪಟ್ಟಿಯಲ್ಲಿಲ್ಲ, ತೋಟದಲ್ಲಿದೆ. ಯಾವ ಮಳೆಗೆ ಸಸಿ ನೆಡೋದು, ಯಾವ ಮಳೆಗೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಯಾವ ಮಳೆ ಕೈಕೊಟ್ಟ ವರ್ಷ ಏನಾಯಿತು, ಎಲ್ಲ ಒಂದಕ್ಕೊಂದು ಹೆಣೆದುಕೊಂಡಿದೆ. ಯಾವ ಕಡೆಯಿಂದ ಎಳೆದರೂ ಬರುತ್ತದೆ. ಅತ್ತೆಯದು ಸರ, ಒಂದೇ ತುದಿಯಿಂದ ಬಿಚ್ಚಬೇಕು. ಕ್ರೇಕ್ ಮತ್ತು ಲಾಕ್‌ಹಾರ್ಟ್ ಅನ್ನುವ ಮನಃಶಾಸ್ತ್ರಜ್ಞರು 1972ರಲ್ಲಿ ಇದನ್ನೇ ಸಂಸ್ಕರಣೆಯ ಆಳ ಅಂದರು. ಶಬ್ದದ ರೂಪ, ಸದ್ದು ಇಷ್ಟನ್ನೇ ಗಮನಿಸಿದರೆ ನೆನಪು ತೆಳು. ಅರ್ಥಕ್ಕೆ ಇಳಿದರೆ ಗಟ್ಟಿ. ನಾನು ಈ ಹೆಸರುಗಳನ್ನು ಹೇಳುವ ಮೊದಲು ಅತ್ತೆ, ಅಪ್ಪಯ್ಯ ಇಬ್ಬರನ್ನೂ ಕ್ಲಾಸಿಗೆ ತಂದುಬಿಡುತ್ತೇನೆ. ಪರೀಕ್ಷೆಯಲ್ಲಿ ಒಬ್ಬಳು ಕ್ರೇಕ್ ಹೆಸರು ಮರೆತು 'ಮೇಡಂ ಅಪ್ಪಯ್ಯನ ಸಿದ್ಧಾಂತ' ಅಂತ ಬರೆದದ್ದೂ ಉಂಟು.

ಅನುಬಂಧನದ, ಅಂದರೆ ಒಂದು ಸುಳಿವಿಗೆ ದೇಹ ತಾನಾಗಿ ಪ್ರತಿಕ್ರಿಯಿಸಲು ಕಲಿಯುವುದರ ಪಾಠಕ್ಕೆ ಅಷ್ಟು ಕಷ್ಟವಿಲ್ಲ. ಪಾವ್ಲೋವ್‌ಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ, ನಾಯಿಯ ಜೊಲ್ಲು ಆ ದಾರಿಯಲ್ಲಿ ಸಿಕ್ಕಿದ್ದು. ಇಷ್ಟು ಹೇಳಿ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯುವ ಸದ್ದನ್ನು ನೆನಪಿಸಿಕೊಳ್ಳಿ ಅನ್ನುತ್ತೇನೆ. ಇಡೀ ಕ್ಲಾಸು ಎಂಜಲು ನುಂಗುತ್ತದೆ. ಪ್ರಯೋಗ ಮುಗಿಯಿತು.

ತಲೆನೋವು ನೆಗೆಟಿವ್ ರೀಇನ್‌ಫೋರ್ಸ್‌ಮೆಂಟಿನದು. ಋಣಾತ್ಮಕ ಪುನರ್ಬಲನ ಅಂತ ಬರೆಸಿದರೆ ಇನ್ನೂ ಕಷ್ಟ. 'ನೆಗೆಟಿವ್' ಅಂದ ತಕ್ಷಣ ಮಕ್ಕಳ ಕೈ ತಾನಾಗಿ 'ಶಿಕ್ಷೆ' ಅಂತ ಬರೆಯುತ್ತದೆ. ಎಷ್ಟು ವ್ಯಾಖ್ಯೆ ಕೊಟ್ಟರೂ ಅಷ್ಟೇ. ಕೊನೆಗೆ ಕೈಹಿಡಿದದ್ದು ಇಂಬಳ, ಅಂದರೆ ರಕ್ತ ಹೀರುವ ನೆಲದ ಜಿಗಣೆ. ನಮ್ಮ ಕಡೆ ಕೆಲವರು ಉಂಬಳ ಅಂತಲೂ ಅನ್ನುತ್ತಾರೆ. ಕಾಲಿಗೆ ಹತ್ತಿದ ಇಂಬಳಕ್ಕೆ ಉಪ್ಪು ಹಾಕಿದೆ, ಬಿದ್ದುಹೋಯಿತು. ಮುಂದಿನ ಸಲ ತೋಟಕ್ಕೆ ಹೋಗುವಾಗ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳುತ್ತೀಯಾ ಇಲ್ವಾ? ಇಟ್ಟುಕೊಳ್ಳುತ್ತೀಯ. ಬೇಡದ್ದು ತೊಲಗಿತು, ಅದನ್ನು ತೊಲಗಿಸಿದ ಕೆಲಸ ಗಟ್ಟಿಯಾಯಿತು. ಅಷ್ಟೇ ವಿಷಯ. ಶಿಕ್ಷೆ ಅಂದರೆ ಮಾಡಿದ ಕೆಲಸ ಕಡಿಮೆಯಾಗಬೇಕು. ಚಪ್ಪಲಿ ಹಾಕದೆ ಹೋಗಿ ಇಂಬಳ ಹತ್ತಿಸಿಕೊಂಡು, ಮತ್ತೆ ಬರಿಗಾಲಲ್ಲಿ ಹೋಗುವುದನ್ನು ಬಿಟ್ಟರೆ ಅದು ಶಿಕ್ಷೆ. ಇಂಬಳ ಒಂದೇ, ಎರಡೂ ಕಡೆ ಕೆಲಸಕ್ಕೆ ಬಂತು. ಇಷ್ಟಾದರೂ ಪ್ರತಿ ವರ್ಷ ನಾಲ್ಕೈದು ಜನ ತಪ್ಪು ಬರೆಯುತ್ತಾರೆ. ಆ ಹೆಸರಿಟ್ಟವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಹೆನ್ರಿ ಮೊಲೈಸನ್ ಅನ್ನುವ ಅಮೆರಿಕದ ರೋಗಿಯ ಕಥೆಗೆ ಮಾತ್ರ ಯಾರೂ ಆಕಳಿಸುವುದಿಲ್ಲ. 1953ರಲ್ಲಿ ಮೂರ್ಛೆರೋಗ ನಿಲ್ಲಲಿ ಅಂತ ಮೆದುಳಿನ ಎರಡೂ ಬದಿಯಲ್ಲಿ, ಹೊಸ ನೆನಪು ಕಟ್ಟಲು ಬೇಕಾದ ಹಿಪ್ಪೊಕ್ಯಾಂಪಸ್ ಅನ್ನುವ ಭಾಗದ ದೊಡ್ಡ ಪಾಲನ್ನು ತೆಗೆದರು. ಅಲ್ಲಿಂದ ಮುಂದೆ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸದಾಗಿ ನಡೆದದ್ದು ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವ ಕೆಲಸ ಕೊಟ್ಟರೆ ದಿನದಿಂದ ದಿನಕ್ಕೆ ಕೈ ಪಳಗಿತು. ಈ ಕೆಲಸ ಹಿಂದೆ ಮಾಡಿದ್ದೇ ನೆನಪಿಲ್ಲ, ಕೈಗೆ ಮಾತ್ರ ಬರುತ್ತದೆ. ನಾವೂ ಹಾಸ್ಟೆಲಿನಿಂದ ಕನ್ನಡಿ ತರಿಸಿ ಮಾಡಿದೆವು. ರಂಗೋಲಿಯಲ್ಲಿ ಬಹುಮಾನ ತಂದ ಹುಡುಗಿಯ ನಕ್ಷತ್ರ ಜಜ್ಜಿದ ಜೇಡದ ಹಾಗೆ ಬಂತು. ಅದೇ ಕ್ಲಾಸಿನಲ್ಲಿ ಮೆಟ್ಟುಗತ್ತಿಯಲ್ಲಿ ಸರಸರ ಅಡಿಕೆ ಸುಲಿಯುವ ಒಬ್ಬಳಿದ್ದಳು. 'ಹೇಗೆ ಸುಲೀತೀಯ, ಬರೆದು ತೋರಿಸು' ಅಂದೆ. ಎರಡು ಸಾಲು ಬರೆದು ಪೆನ್ನು ಕೆಳಗಿಟ್ಟಳು. "ಕತ್ತಿ ಕೊಡಿ ಮೇಡಂ, ತೋರಿಸ್ತೀನಿ."

ಇನ್ನು ಕೊಡೆಯ ವಿಷಯ.

ನೆನಪು ಅಂದರೆ ಫೋಟೋ ಅಲ್ಲ, ಪ್ರತಿ ಸಲ ಹೊಸದಾಗಿ ಕಟ್ಟುವುದು ಅಂತ ಎಷ್ಟು ಹೇಳಿದರೂ ಮಕ್ಕಳು ನಂಬುವುದಿಲ್ಲ. 'ನಾನು ಕಣ್ಣಾರೆ ನೋಡಿದ್ದೀನಿ' ಅನ್ನುತ್ತಾರೆ. ಹಾಗಾಗಿ ಒಂದು ದಿನ ಅಟೆಂಡರ್ ಅಣ್ಣನಿಗೆ ಮೊದಲೇ ಹೇಳಿಟ್ಟೆ. ಪಾಠದ ನಡುವೆ ಒಳಗೆ ಬಂದರು, ಮೇಜಿನ ಮೇಲೆ ಒಂದು ಫೈಲ್ ಇಟ್ಟರು, ನನ್ನ ಕಿವಿಯಲ್ಲಿ ಏನೋ ಹೇಳಿ ಹೋದರು. ಎರಡು ದಿನ ಬಿಟ್ಟು ಹಾಳೆ ಕೊಟ್ಟು ಕೇಳಿದೆ: ಅಣ್ಣ ಯಾವ ಬಣ್ಣದ ಶರ್ಟು ಹಾಕಿದ್ದರು? ಕೊಡೆಯನ್ನು ಯಾವ ಕೈಯಲ್ಲಿ ಹಿಡಿದಿದ್ದರು? ಫೈಲ್ ಎಲ್ಲಿಟ್ಟರು?

ಅವರ ಕೈಯಲ್ಲಿ ಕೊಡೆಯೇ ಇರಲಿಲ್ಲ. ಅರ್ಧಕ್ಕಿಂತ ಜಾಸ್ತಿ ಜನ ಎಡಗೈ ಅಂತಲೋ ಬಲಗೈ ಅಂತಲೋ ಬರೆದಿದ್ದರು. ಒಬ್ಬ 'ಬಲಗೈ, ನೀರು ಸುರೀತಿತ್ತು' ಅಂತ ಸೇರಿಸಿದ್ದ. ಮಳೆಗಾಲ, ಮಲೆನಾಡು, ಕೊಡೆ ಇಲ್ಲದ ಮನುಷ್ಯ ಯಾರಿದ್ದಾರೆ? ಉಳಿದದ್ದನ್ನು ಮನಸ್ಸೇ ತುಂಬಿಕೊಂಡಿತು.

ಕೊಡೆ ಇರಲಿಲ್ಲ ಅಂದಾಗ ಜಗಳಕ್ಕೇ ಬಂದರು. ಅಣ್ಣನನ್ನೇ ಕರೆಸಬೇಕಾಯಿತು. ಅದು ತಣ್ಣಗಾದ ಮೇಲೆ ಲಾಫ್ಟಸ್ ಮತ್ತು ಪಾಮರ್ ಅವರ 1974ರ ಪ್ರಯೋಗ ಹೇಳಿದೆ. ಕಾರುಗಳು ಢಿಕ್ಕಿಯಾಗುವ ಫಿಲ್ಮ್ ತೋರಿಸಿ, ವೇಗ ಎಷ್ಟಿತ್ತು ಅಂತ ಕೇಳಿದರು. ಕೆಲವರಿಗೆ 'ಅಪ್ಪಳಿಸಿದಾಗ' ಅನ್ನುವ ಅರ್ಥದ ಶಬ್ದ, ಕೆಲವರಿಗೆ 'ತಾಗಿದಾಗ' ಅನ್ನುವಂಥದ್ದು. ಮೊದಲನೆಯವರು ಸರಾಸರಿ ಗಂಟೆಗೆ ಸುಮಾರು 65 ಕಿ.ಮೀ. ಅಂದರು, ಎರಡನೆಯವರು 51. ನೋಡಿದ್ದು ಒಂದೇ, ಕೇಳಿದ ಮಾತು ಬೇರೆ. 'ಹಾಗಾದ್ರೆ ಕೋರ್ಟಲ್ಲಿ ಸಾಕ್ಷಿ ಹೇಳೋರು?' ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಬೆಲ್ ಹೊಡೆದರೂ ಅವತ್ತು ಯಾರೂ ಏಳಲಿಲ್ಲ.

ಈ ಆಟ ಮೂರು ವರ್ಷ ನಡೆಯಿತು. ಈ ಸಲ ಹೊಸ ಬ್ಯಾಚಿನಲ್ಲಿ ನೆನಪಿನ ಪಾಠ ಶುರು ಮಾಡುತ್ತಿದ್ದಂತೆ ಮುಂದಿನ ಬೆಂಚಿನವಳು ನಕ್ಕಳು. "ಸೀನಿಯರ್ಸ್ ಎಲ್ಲಾ ಹೇಳಿದಾರೆ ಮೇಡಂ. ಪ್ರಿನ್ಸಿಪಾಲರು ಕೆಂಪು ಕೊಡೆ ಹಿಡ್ಕೊಂಡು ಬರ್ತಾರೆ, ಆಮೇಲೆ ನೀವು ಕಪ್ಪು ಅಂತ ಹೇಳಿ ನಮ್ಮನ್ನ ಯಾಮಾರಿಸ್ತೀರಾ, ಅಲ್ವಾ?"

ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಖಾಲಿ ಹಾಳೆ ತೆಗೆಯಿರಿ ಅಂದೆ. ಸೀನಿಯರ್ಸ್ ಏನೇನು ಹೇಳಿದರು, ಒಬ್ಬೊಬ್ಬರೇ ನೆನಪಿದ್ದಷ್ಟು ಬರೆಯಿರಿ.