ತೋರಣಗಲ್ಲು ಕಡೆ ಪಿಎಂ 10 ಅಳೆಯುವಾಗ

ಅದಿರಿನ ಲಾರಿಗಳು ಓಡುವ ಸಂಡೂರು–ತೋರಣಗಲ್ಲು ಭಾಗದಲ್ಲಿ ಪಿಎಂ 10 (10 ಮೈಕ್ರಾನ್‌ವರೆಗಿನ ಸಣ್ಣ ಧೂಳಿನ ಕಣ) ಅಳೆಯಲು, ಗಾಳಿ ಎಳೆದು ಧೂಳನ್ನು ಫಿಲ್ಟರಿನಲ್ಲಿ ಹಿಡಿಯುವ ರೆಸ್ಪಿರಬಲ್ ಡಸ್ಟ್ ಸ್ಯಾಂಪ್ಲರ್ ಇಡುವುದಾದರೆ ಅರ್ಧ ಕೆಲಸ ಜಾಗ ಹುಡುಕುವುದೇ. ರಸ್ತೆ ಅಂಚಿಗಿಟ್ಟರೆ ಲಾರಿ ಎಬ್ಬಿಸಿದ ಧೂಳಿನ ಲೆಕ್ಕ ಸಿಗುತ್ತದೆ, ಊರಿನವರು ದಿನವಿಡೀ ಉಸಿರಾಡುವ ಗಾಳಿಯದ್ದಲ್ಲ. ಗಾಳಿ ಒಳಹೋಗುವ ಬಾಯಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿರಲಿ. ಶಾಲೆಯದೋ ಪಂಚಾಯ್ತಿಯದೋ ತಾರಸಿ ಸಾಕು. ಮರಗಳಿಂದ 20 ಮೀಟರ್ ದೂರವಿರಬೇಕು. ಹತ್ತಿರದಲ್ಲಿ ಡೀಸೆಲ್ ಜನರೇಟರ್ ಅಥವಾ ಹೋಟೆಲಿನ ಹೊಗೆ ಕೊಳವೆ ಇದ್ದರೆ ಆ ತಾರಸಿ ಬೇಡ.

20.3 × 25.4 ಸೆಂ.ಮೀ. ಗ್ಲಾಸ್ ಫೈಬರ್ ಫಿಲ್ಟರನ್ನು ಬೆಳಕಿಗೆ ಹಿಡಿದು ಸೂಜಿತೂತು ಇಲ್ಲವೆಂದು ಖಚಿತಪಡಿಸಿಕೊಂಡು, ನಂಬರ್ ಹಾಕಿ. ತೂಗುವ ಮೊದಲು 24 ಗಂಟೆ ಉಷ್ಣಾಂಶ, ತೇವ ಏರಿಳಿಯದ ಕಡೆ ಇಡಿ. ಧೂಳು ಹಿಡಿದ ಮೇಲೂ ಹಾಗೇ ಇಟ್ಟು, ಅದೇ ತಕ್ಕಡಿಯಲ್ಲಿ 0.1 ಮಿ.ಗ್ರಾಂವರೆಗೆ ತೂಗಿ. ಮಳೆಗಾಲದಲ್ಲಿ ಇದನ್ನು ಬಿಟ್ಟರೆ ನೀರಿನಂಶವೂ ಧೂಳಿನ ಲೆಕ್ಕಕ್ಕೆ ಸೇರುತ್ತದೆ.

ಫಿಲ್ಟರಿನ ಒರಟು ಮುಖ ಮೇಲಿರಲಿ. ನಟ್ಟುಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿಯಿರಿ. ತೆಗೆದಾಗ ಸುತ್ತಲಿನ ಬಿಳಿ ಅಂಚು ಗೆರೆ ಎಳೆದಂತೆ ಸ್ಪಷ್ಟವಾಗಿರಬೇಕು; ಮಸುಕಾಗಿದ್ದರೆ ಗ್ಯಾಸ್ಕೆಟ್ (ಅಂಚಿನಲ್ಲಿ ಗಾಳಿ ತಡೆಯುವ ಪಟ್ಟಿ) ಸೋರಿದೆ, ಆ ಮಾದರಿ ಕೈಬಿಡಿ.

ನಮ್ಮ ಕಡೆ ಲೆಕ್ಕ ಕೆಡುವುದು ತಕ್ಕಡಿಯಿಂದಲ್ಲ, ಹೆಚ್ಚಾಗಿ ಗಾಳಿಯ ಹರಿವಿನಿಂದ. ಮೆಷಿನ್ ಹಾಕಿ ಐದು ನಿಮಿಷವಾದ ಮೇಲೆ ಹರಿವು ತೋರಿಸುವ ಮಾನೋಮೀಟರ್ ಓದಿ. ಹರಿವು ನಿಮಿಷಕ್ಕೆ 1.1 ಘನ ಮೀಟರ್ ಆಸುಪಾಸು ಇರಬೇಕು. ನಿಲ್ಲಿಸುವ ಮುಂಚೆ ಮತ್ತೆ ಓದಿ. ಫಿಲ್ಟರ್ ಕಟ್ಟಿಕೊಂಡರೂ, ಮೋಟಾರಿನ ಕಾರ್ಬನ್ ಬ್ರಷ್ ಸವೆದರೂ, ವೋಲ್ಟೇಜ್ ಇಳಿದರೂ ಹರಿವು ಕುಸಿಯುತ್ತದೆ. ಸೈಕ್ಲೋನ್ (ಗಾಳಿಯನ್ನು ಸುತ್ತಿಸಿ ದಪ್ಪ ಕಣಗಳನ್ನು ಕೆಳಗಿನ ಬಟ್ಟಲಿಗೆ ಬೀಳಿಸುವ ಭಾಗ) ಧೂಳನ್ನು ಬೇರ್ಪಡಿಸುವುದೂ ಆ ಹರಿವಿನ ಮೇಲೆಯೇ ನಿಂತಿರುವುದರಿಂದ, ಕುಸಿದಾಗ ದಪ್ಪ ಕಣಗಳೂ ಫಿಲ್ಟರಿಗೆ ಬಂದು ಕೂರುತ್ತವೆ. ಹಾಗಾಗಿ ಸ್ಟೆಬಿಲೈಸರ್ ಇಲ್ಲದೆ ಮೆಷಿನ್ ಓಡಿಸಬೇಡಿ. ಬ್ರಷ್ ಒಂದು ಜೊತೆ ಚೀಲದಲ್ಲಿರಲಿ.

ಒಂದು ಲೆಕ್ಕ ನೋಡಿ: ಹರಿವು ಶುರುವಿಗೆ 1.15, ಕೊನೆಗೆ 1.05, ಸರಾಸರಿ 1.1. ಎಂಟು ಗಂಟೆಗೆ, ಅಂದರೆ 480 ನಿಮಿಷಕ್ಕೆ, 528 ಘನ ಮೀಟರ್. ಫಿಲ್ಟರ್ 0.0792 ಗ್ರಾಂ ಹೆಚ್ಚಿದ್ದರೆ ಪಿಎಂ 10 ಘನ ಮೀಟರಿಗೆ 150 ಮೈಕ್ರೋಗ್ರಾಂ. ಕರೆಂಟ್ ಹೋದ ನಿಮಿಷಗಳನ್ನು ಟೈಮ್ ಮೀಟರ್ ನೋಡಿ ಕಳೆಯಿರಿ. ಸೈಕ್ಲೋನ್ ಕೆಳಗಿನ ಬಟ್ಟಲಿನ ಧೂಳು ಈ ಲೆಕ್ಕಕ್ಕೆ ಬರುವುದಿಲ್ಲ.

ಈ ಎಂಟು ಗಂಟೆಯ ಅಂಕಿಯನ್ನು ನೇರವಾಗಿ 100 ಮೈಕ್ರೋಗ್ರಾಂ ಮಿತಿಗೆ ಹೋಲಿಸಬೇಡಿ. 2009ರ ರಾಷ್ಟ್ರೀಯ ಮಾನದಂಡದ ಆ ಮಿತಿ 24 ಗಂಟೆಯ ಸರಾಸರಿಗೆ. ಅದಕ್ಕೆ ಬೆನ್ನುಬೆನ್ನಿಗೆ ಮೂರು ಫಿಲ್ಟರ್ ಬೇಕು. ವಾರ್ಷಿಕ ಮಿತಿ 60ಕ್ಕೆ ವಾರಕ್ಕೆರಡು ದಿನದಂತೆ ಕನಿಷ್ಠ 104 ದಿನದ ಅಳತೆ ಇರಬೇಕು.