ಕಂಬಳಿಯಲ್ಲಿ ಹೊಲಿದ ಓವರ್‌ಕೋಟು

ದಾವಣಗೆರೆಯಲ್ಲಿ ಮೂವತ್ತು ವರ್ಷಗಳಿಂದ ಕೋಟು ಹೊಲಿಯುತ್ತಿದ್ದರೂ, ಮೊಣಕಾಲಿನ ಕೆಳಗಿಳಿಯುವ ಓವರ್‌ಕೋಟನ್ನು ಹೊಲಿಯುವ ಸಂದರ್ಭ ನನಗೆ ಒದಗಿದ್ದು ಒಮ್ಮೆ ಮಾತ್ರ. ಓದಲು ಜರ್ಮನಿಗೆ ಹೊರಟಿದ್ದ ಯುವಕನೊಬ್ಬನ ತಂದೆ, ಚಳ್ಳಕೆರೆಯಿಂದ ತಂದ ಎರಡು ಕರಿ ಕಂಬಳಿಗಳನ್ನು ಮೇಜಿನ ಮೇಲಿಟ್ಟು, "ಮಾಸ್ಟ್ರೇ, ಇದ್ರಾಗೆ ನನ್ ಮಗನಿಗೊಂದು ಉದ್ದ ಕೋಟು ಹೊಲ್ದು ಕೊಡ್ರಿ" ಎಂದರು.

ಹೊಸ ಕಂಬಳಿಯಲ್ಲಿ ಹುಣಸೆ ಬೀಜದ ಗಂಜಿ ಇರುವುದರಿಂದ ಮೊದಲು ಅದನ್ನು ನೆನೆಸಿ, ತೊಳೆದು, ನೆರಳಿನಲ್ಲಿ ಒಣಗಿಸಿದೆ. ಬಟ್ಟೆ ಕುಗ್ಗುವಷ್ಟು ಕುಗ್ಗಿದ ಮೇಲೆಯೇ ಕತ್ತರಿ ಹಾಕಬೇಕು. ಓವರ್‌ಕೋಟನ್ನು ಸೂಟಿನ ಮೇಲೆ ತೊಡುವುದರಿಂದ ಹುಡುಗನಿಗೆ ಕೋಟು ಹಾಕಿಸಿಯೇ ಅಳತೆ ತೆಗೆದುಕೊಂಡು, ಎದೆಗೆ ಇನ್ನೂ 4 ಇಂಚು ಸಡಿಲ ಬಿಟ್ಟೆ.

ನಾನು ಮೊದಲು ಆರಿಸಿಕೊಂಡದ್ದು ಚೆಸ್ಟರ್‌ಫೀಲ್ಡ್ ಶೈಲಿಯನ್ನು. 1840ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದ ಈ ಕೋಟಿಗೆ, ಅಂದಿನ ಫ್ರಾಕ್ ಕೋಟಿಗಿದ್ದಂತೆ ಸೊಂಟದಲ್ಲಿ ಅಡ್ಡ ಹೊಲಿಗೆಯಿಲ್ಲ. ಭುಜದಿಂದ ನೇರವಾಗಿ ಇಳಿಯುತ್ತದೆ, ಕಾಲರಿಗೆ ವೆಲ್ವೆಟ್ ಇರುತ್ತದೆ. ಆದರೆ ಕಚ್ಚಾ ಹೊಲಿಗೆ ಹಾಕಿ ತೊಡಿಸಿದಾಗ, ತೋಳು ಕೂಡುವ ಜಾಗದಲ್ಲಿ ಕಂಬಳಿಯ ಮಡಿಕೆಗಳು ಎತ್ತಿನ ಹಿಣಿಲಿನಂತೆ ಎದ್ದು ನಿಂತವು. ನೀರು ಚಿಮುಕಿಸಿ ಎಷ್ಟು ಇಸ್ತ್ರಿ ಒತ್ತಿದರೂ ಅವು ಕೂರಲಿಲ್ಲ. ಕತ್ತರಿಸಿದ ತೋಳುಗಳು ವ್ಯರ್ಥವಾದವು. ಮತ್ತೊಂದು ಕಂಬಳಿಯನ್ನು ನಾನೇ ಕೊಂಡುತಂದೆ.

ಆಗ ರಾಗ್ಲನ್ ತೋಳಿನ ಕಡೆ ತಿರುಗಿದೆ. 1815ರ ವಾಟರ್‌ಲೂ ಯುದ್ಧದಲ್ಲಿ ಬಲಗೈ ಕಳೆದುಕೊಂಡ ಬ್ರಿಟಿಷ್ ಸೇನಾಧಿಕಾರಿ ಲಾರ್ಡ್ ರಾಗ್ಲನ್ ಅವರ ಹೆಸರು ಇದಕ್ಕಿದೆ. ಇದರಲ್ಲಿ ತೋಳು ಭುಜದ ತುದಿಯಲ್ಲಿ ನಿಲ್ಲದೆ ಕಂಕುಳಿನಿಂದ ಓರೆಯಾಗಿ ಕತ್ತಿನವರೆಗೂ ಹೋಗುತ್ತದೆ. ಮಾದರಿಯನ್ನು ಕಾಗದದ ಮೇಲೆ ಬರೆಯುತ್ತಿರುವಾಗ, ನಮ್ಮ ಕುರಿ ಕಾಯುವವರು ಮಳೆಯಲ್ಲಿ ಹಾಕಿಕೊಳ್ಳುವ ಕಂಬಳಿ ಕೊಪ್ಪೆ ನನ್ನ ಕಣ್ಣ ಮುಂದೆ ಬಂದಿತು. ಅಲ್ಲಿಯೂ ಭುಜದಂಚಿನಲ್ಲಿ ಹೊಲಿಗೆಯಿಲ್ಲದ್ದರಿಂದ ನೀರು ನಿಲ್ಲದೆ ಜಾರುತ್ತದೆ. ದಪ್ಪ ಬಟ್ಟೆಗೆ ಒಪ್ಪುವ ದಾರಿ ಇದೇ ಎಂದು ನನಗೆ ಮನವರಿಕೆಯಾದದ್ದು ಆಗಲೇ. ಇಂಗ್ಲೆಂಡಿನ ಬಟ್ಟೆ ವ್ಯಾಪಾರಿ ಥಾಮಸ್ ಬರ್ಬೆರಿ 1879ರಲ್ಲಿ ರೂಪಿಸಿದ ಗ್ಯಾಬರ್ಡೀನಿನಂಥ ತೆಳು, ಬಿಗಿ ನೇಯ್ಗೆಯ ಬಟ್ಟೆಯಾಗಿದ್ದರೆ ಯಾವ ತೋಳನ್ನಾದರೂ ಕೂರಿಸಬಹುದಿತ್ತು.

ಹೊಲಿಗೆಯ ಅಂಚುಗಳನ್ನು ಒಂದರ ಮೇಲೊಂದು ಚಪ್ಪಟೆಯಾಗಿ ಇಟ್ಟು ಕೈಯಿಂದಲೇ ಹೊಲಿದೆ; ಇಸ್ತ್ರಿ ಒತ್ತಿ, ಬಿಸಿ ಆರುವವರೆಗೆ ಮರದ ಹಲಗೆಯಿಂದ ಅದುಮಿ ಹಿಡಿದೆ. ಕಂಬಳಿ ಕತ್ತಿಗೆ ಚುಚ್ಚುವುದರಿಂದ ಚೆಸ್ಟರ್‌ಫೀಲ್ಡಿನ ವೆಲ್ವೆಟ್ ಕಾಲರನ್ನು ಮಾತ್ರ ಉಳಿಸಿಕೊಂಡೆ, ಒಳಗೆ ಪೂರ್ತಿ ಲೈನಿಂಗ್ ಕೊಟ್ಟೆ. ನೇಕಾರರು ಅಂಚಿಗೆ ಹಾಕಿದ್ದ ಬಿಳಿ ಪಟ್ಟೆಯನ್ನು ಕತ್ತರಿಸಲು ಮನಸ್ಸಾಗದೆ, ಅದು ಕೋಟಿನ ಕೆಳಗಿನ ಸುತ್ತಿಗೆ ಬರುವಂತೆ ಹೊಂದಿಸಿದೆ.