ಮಲಗಿದರೆ ಜಾಸ್ತಿ, ನಡೆದರೆ ಕಡಿಮೆ: ನನ್ನ ಬೆನ್ನುನೋವಿನ ಅನುಭವ

ಬೆನ್ನುನೋವು ಅಂದ ತಕ್ಷಣ ಎಲ್ಲರೂ ಹೇಳುವುದು ಒಂದೇ ಮಾತು: ರೆಸ್ಟ್ ತಗೋ. ನನ್ನ ಬೆನ್ನುನೋವು ರೆಸ್ಟ್ ತಗೊಂಡಷ್ಟೂ ಜಾಸ್ತಿಯಾಗುತ್ತಿತ್ತು.

ಆಗ ಮೈಸೂರಿನಲ್ಲಿ ಎಂಬಿಬಿಎಸ್ ಎರಡನೇ ವರ್ಷದಲ್ಲಿದ್ದೆ. ಎಲ್ಲೂ ಬಿದ್ದಿರಲಿಲ್ಲ, ಭಾರ ಎತ್ತಿರಲಿಲ್ಲ. ಸೊಂಟದ ಕೆಳಗೆ ಎಲ್ಲೋ ಆಳದಲ್ಲಿ ನೋವು. ಒಂದು ವಾರ ಬಲಗಡೆ, ಇನ್ನೊಂದು ವಾರ ಎಡಗಡೆ. ಬೆಳಗಿನ ಜಾವ ಮೂರು, ನಾಲ್ಕು ಗಂಟೆಗೆ ಎಚ್ಚರವಾಗುತ್ತಿತ್ತು. ಎದ್ದು ಹಾಸ್ಟೆಲ್ ಕಾರಿಡಾರಿನಲ್ಲಿ ಓಡಾಡಿದರೆ ಹಗುರ. ಬೆಳಿಗ್ಗೆ ಬಗ್ಗಿ ಶೂ ಲೇಸ್ ಕಟ್ಟಲು ಆಗುತ್ತಿರಲಿಲ್ಲ. ಹನ್ನೊಂದು ಗಂಟೆ ಹೊತ್ತಿಗೆ ಏನೂ ಆಗಿಲ್ಲವೇನೋ ಅನ್ನುವಷ್ಟು ಸರಾಗ.

ಹಾಸಿಗೆ ಸರಿ ಇಲ್ಲ ಅಂತ ಕೆಲವರು, ಕೂತು ಓದಿ ಓದಿ ಹೀಗಾಗಿದೆ ಅಂತ ಕೆಲವರು. ತೋರಿಸಿದ ಒಂದು ಕಡೆ ಎಕ್ಸ್‌-ರೇ ನಾರ್ಮಲ್ ಅಂದರು, ಸೊಂಟಕ್ಕೆ ಬೆಲ್ಟ್ ಕೊಟ್ಟರು, ಐದು ದಿನಕ್ಕೆ ನೋವಿನ ಮಾತ್ರೆ ಬರೆದರು. ಮಾತ್ರೆ ತಗೊಂಡಷ್ಟು ದಿನ ತುಂಬಾ ಚೆನ್ನಾಗಿತ್ತು. ನಿಲ್ಲಿಸಿದ ಮೇಲೆ ಮತ್ತೆ ಅದೇ ಕಥೆ.

ಮೆಡಿಸಿನ್ ಪೋಸ್ಟಿಂಗಿನಲ್ಲಿ, ಅಂದರೆ ಆ ವಿಭಾಗದ ವಾರ್ಡಿನಲ್ಲಿ ಕಲಿಯುವ ಅವಧಿಯಲ್ಲಿ, ನಾನು ಸ್ಟೂಲಿನಿಂದ ಏಳುವ ರೀತಿ ನೋಡಿ ಒಬ್ಬ ಪಿಜಿ (ಸ್ನಾತಕೋತ್ತರ ಓದುತ್ತಿರುವ ಡಾಕ್ಟರ್) ಮೇಡಂ ಪಕ್ಕಕ್ಕೆ ಕರೆದು ಕೇಳಿದರು. ನೋವು ಶುರುವಾಗಿ ಮೂರು ತಿಂಗಳು ದಾಟಿದೆಯಾ? ಮೆಲ್ಲಗೆ ಶುರುವಾಯಿತಾ? ಬೆಳಿಗ್ಗೆ ಬಿಗಿತ ಅರ್ಧ ಗಂಟೆಗಿಂತ ಜಾಸ್ತಿ ಇರುತ್ತಾ? ಓಡಾಡಿದರೆ ಕಡಿಮೆಯಾಗಿ, ಮಲಗಿದರೆ ಹೆಚ್ಚುತ್ತಾ? ಕಣ್ಣು ಯಾವಾಗಲಾದರೂ ಕೆಂಪಾಗಿ ನೋವಾಗಿತ್ತಾ? ಮನೆಯಲ್ಲಿ ಯಾರಿಗಾದರೂ ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ ಇದೆಯಾ? ಕೊನೆಯ ಎರಡು ಬಿಟ್ಟು ಉಳಿದೆಲ್ಲದಕ್ಕೂ ಹೌದು ಅಂದೆ. ಅವರು ಅಲ್ಲೇ ಟೇಪ್ ತಂದು ಕೆಳಬೆನ್ನಿನ ಮೇಲೆ 15 ಸೆಂ.ಮೀ. ಅಂತರದಲ್ಲಿ ಎರಡು ಗುರುತು ಹಾಕಿ ಬಗ್ಗು ಅಂದರು. ಬಗ್ಗಿದಾಗ ಆ ಅಂತರ 20 ಸೆಂ.ಮೀ. ಆದರೂ ಆಗಬೇಕು. ಇದು ಶೋಬರ್ ಟೆಸ್ಟ್. ನನ್ನದು ಅಲ್ಲಿಗೆ ಮುಟ್ಟಲೇ ಇಲ್ಲ.

ಎಂಆರ್‌ಐಯಲ್ಲಿ ಬೆನ್ನುಮೂಳೆ ಸೊಂಟದ ಎಲುಬಿಗೆ ಸೇರುವ ಸ್ಯಾಕ್ರೋಇಲಿಯಾಕ್ ಕೀಲುಗಳಲ್ಲಿ ಉರಿಯೂತ ಕಂಡಿತು. ಎಚ್‌ಎಲ್‌ಎ-ಬಿ27 ಅನ್ನುವ ಜೀನಿನ ರಕ್ತಪರೀಕ್ಷೆ ಪಾಸಿಟಿವ್ ಬಂತು. ಈ ಜೀನಿಗೂ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನುವ ಬೆನ್ನಿನ ಕಾಯಿಲೆಗೂ ನಂಟಿದೆ ಅಂತ ಗೊತ್ತಾದದ್ದು 1973ರಲ್ಲಿ. ಆದರೆ ಅದು ಪಾಸಿಟಿವ್ ಇರುವ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ. ಹಾಗಾಗಿ ಬರೀ ರಕ್ತಪರೀಕ್ಷೆ ನೋಡಿ ಹೆದರಬಾರದು. ಡಯಾಗ್ನೋಸಿಸ್ ಆಕ್ಸಿಯಲ್ ಸ್ಪಾಂಡಿಲೋಆರ್ಥ್ರೈಟಿಸ್, ಅಂದರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಗುಂಪಿನದೇ, ಎಕ್ಸ್‌-ರೇಯಲ್ಲಿ ಇನ್ನೂ ಕಾಣಿಸಿಕೊಳ್ಳದ ಹಂತ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ, ಎಲುಬಿಗೆ ನಾರುಗಳು ಅಂಟುವ ಜಾಗಗಳ ಮೇಲೆ ತಿರುಗಿ ಬೀಳುತ್ತದೆ. ಅಲ್ಲಿ ಊತ ಬರುತ್ತದೆ. ವರ್ಷಗಳು ಕಳೆದ ಮೇಲೆ ಕೆಲವರಲ್ಲಿ ಹೊಸ ಎಲುಬು ಬೆಳೆದು ಕೀಲುಗಳು ಬೆಸೆದುಕೊಳ್ಳುತ್ತವೆ.

ಮೆಡಿಕಲ್ ಓದುವವರಿಗೆ ಇಲ್ಲೊಂದು ಬೇರೆಯದೇ ಕಷ್ಟ ಇದೆ. ಪಠ್ಯಪುಸ್ತಕದಲ್ಲಿ ಆ ಅಧ್ಯಾಯ ತೆಗೆದರೆ ಬೆನ್ನು ಪೂರ್ತಿ ಬಾಗಿ, ತಲೆ ಎತ್ತಲಾಗದೆ ನಿಂತ ಮನುಷ್ಯನ ಫೋಟೋ ಇರುತ್ತದೆ. ಆ ಪುಟ ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ರುಮಟಾಲಜಿ (ಕೀಲುಗಳ ಕಾಯಿಲೆಗಳ ವಿಭಾಗ) ಡಾಕ್ಟರ್ ಹತ್ತಿರ ನೇರವಾಗಿ ಅದನ್ನೇ ಕೇಳಿದೆ. ಅಲ್ಲಿರುವುದು ತುಂಬಾ ಮುಂದುವರಿದ ಕೇಸು, ಎಲ್ಲರೂ ಅಲ್ಲಿಗೆ ಹೋಗುವುದಿಲ್ಲ, ಬೇಗ ಗೊತ್ತಾಗಿದೆ, ಈಗ ಔಷಧಿಗಳಿವೆ, ನೀನು ಮಾಡಬೇಕಾದ ಕೆಲಸ ವ್ಯಾಯಾಮ ಅಂದರು. ಸಿಗರೇಟು ಸೇದುತ್ತೀಯಾ ಅಂತಲೂ ಕೇಳಿದರು. ಸೇದುವವರಿಗೆ ಈ ಕಾಯಿಲೆ ಹೆಚ್ಚು ಕಾಡುತ್ತದೆ.

ಅಲ್ಲಿಂದ ನನ್ನ ದಿನವನ್ನೇ ಬದಲಾಯಿಸಿಕೊಂಡೆ. ಎದ್ದ ತಕ್ಷಣ ಮಂಚ ಇಳಿಯುವುದಿಲ್ಲ. ಮಲಗಿದಲ್ಲೇ ಒಂದೊಂದೇ ಮಂಡಿ ಎದೆಗೆ ಎಳೆದುಕೊಂಡು, ಎರಡೂ ಮಂಡಿ ಮಡಚಿ ಎಡಕ್ಕೆ ಬಲಕ್ಕೆ ಹೊರಳಿಸುತ್ತೇನೆ. ಆಮೇಲೆ ಬಿಸಿನೀರಿನ ಸ್ನಾನ. ನಮ್ಮೂರು ತೀರ್ಥಹಳ್ಳಿ ಕಡೆ. ಮನೆಯಲ್ಲಿ ಹಂಡೆ ನೀರಿನ ಸ್ನಾನ ಮಾಡಿದ ದಿನ ಬಿಗಿತ ಎಷ್ಟು ಬೇಗ ಬಿಡುತ್ತದೆ ಅಂದರೆ, ಹಾಸ್ಟೆಲಿನಲ್ಲಿ ಅದನ್ನೇ ನೆನೆಸಿಕೊಳ್ಳುತ್ತಿದ್ದೆ. ನಂತರ ಕುಕ್ಕರಹಳ್ಳಿ ಕೆರೆಯ ಸುತ್ತ ಜೋರು ನಡಿಗೆ. ರಾತ್ರಿ ಮಲಗುವ ಮುಂಚೆ ಹೊಟ್ಟೆ ಅಡಿಯಾಗಿ ಸ್ವಲ್ಪ ಹೊತ್ತು ಮಲಗುತ್ತೇನೆ, ಬೆನ್ನು ಮುಂದಕ್ಕೆ ಬಾಗದಿರಲಿ ಅಂತ. ದಪ್ಪ ದಿಂಬು ಬಿಟ್ಟು ತೆಳ್ಳನೆಯದು ತಗೊಂಡೆ. ಎದೆಗೂಡಿನ ಕೀಲುಗಳೂ ಬಿಗಿಯುವುದರಿಂದ ಆಳವಾದ ಉಸಿರಾಟವನ್ನು ಬಿಡುವುದಿಲ್ಲ.

ಅಮ್ಮನಿಗೆ ಇದನ್ನು ಒಪ್ಪಿಸುವುದೇ ಕಷ್ಟವಾಯಿತು. ಊರಿಗೆ ಹೋದರೆ ಎಣ್ಣೆ ಹಚ್ಚಿ ಮಲಗಿಸಲು ನೋಡುತ್ತಿದ್ದರು. ಒಂದು ದಿನ ಅವರನ್ನೂ ಜೊತೆಗೆ ವಾಕಿಂಗ್ ಕರೆದುಕೊಂಡು ಹೋದೆ. ಹೊರಡುವಾಗ ನಾನು ನಡೆದದ್ದನ್ನೂ ಬರುವಾಗ ನಡೆದದ್ದನ್ನೂ ಅವರೇ ನೋಡಿದರು. ಆಮೇಲೆ ಮಲಗು ಅನ್ನಲಿಲ್ಲ. ಊರಿಗೆ ಹೋಗಲು ಬಸ್ ಬಿಟ್ಟು ಶಿವಮೊಗ್ಗದವರೆಗೆ ರೈಲು ಹಿಡಿಯುತ್ತೇನೆ. ಬೋಗಿಯಲ್ಲಿ ಎದ್ದು ಓಡಾಡಬಹುದಲ್ವಾ.

ಕ್ಲಾಸಿನಲ್ಲಿ ಹಿಂದಿನ ಬೆಂಚಿನ ತುದಿಯಲ್ಲಿ ಕೂರುತ್ತಿದ್ದೆ. ಆಗಾಗ ಎದ್ದು ಗೋಡೆಗೆ ಒರಗಿ ನಿಲ್ಲುವುದಾಗಿ ಲೆಕ್ಚರರ್‌ಗಳಿಗೆ ಮೊದಲೇ ಹೇಳಿಬಿಟ್ಟೆ. ಯಾರೂ ಬೇಡ ಅನ್ನಲಿಲ್ಲ. ಫಾರ್ಮಕಾಲಜಿಯನ್ನು ಪೂರ್ತಿ ನಡೆಯುತ್ತಾ, ನನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿದ ನೋಟ್ಸ್ ಕೇಳುತ್ತಾ ಓದಿದೆ. ಕಷ್ಟವಾದದ್ದು ಸರ್ಜರಿ ಪೋಸ್ಟಿಂಗ್. ಆಪರೇಷನ್ ಥಿಯೇಟರಿನಲ್ಲಿ ಅಲುಗಾಡದೆ ನಿಲ್ಲುವುದು ಕೂತಷ್ಟೇ ಕೆಟ್ಟದು. ಅಲ್ಲಿನ ಸಿಸ್ಟರ್ ಒಬ್ಬರು ಒಂದು ಫುಟ್‌ಸ್ಟೂಲ್ ಕೊಟ್ಟು, ಒಂದು ಕಾಲು ಅದರ ಮೇಲಿಟ್ಟು ಆಗಾಗ ಬದಲಾಯಿಸು ಅಂದರು. ಇಷ್ಟು ಸಣ್ಣ ಉಪಾಯ ಅಷ್ಟು ದೊಡ್ಡ ಸಹಾಯ ಮಾಡಿತು. ಥಿಯರಿ ಪೇಪರ್ ಮೂರು ಗಂಟೆಯದು. ಡಾಕ್ಟರ್ ಪತ್ರ ಲಗತ್ತಿಸಿ, ನಡುವೆ ಎದ್ದು ನಿಲ್ಲಲು ಅನುಮತಿ ಬೇಕು ಅಂತ ಮೊದಲೇ ಅರ್ಜಿ ಕೊಟ್ಟೆ, ಸಿಕ್ಕಿತು. ಕೇಳುವುದಕ್ಕೆ ನಾಚಿಕೆ ಬೇಡ. ಪರೀಕ್ಷೆ ದಿನ ಕೇಳಿದರೆ ಯಾರಿಗೂ ಏನೂ ಮಾಡಲಾಗುವುದಿಲ್ಲ, ವಾರಗಟ್ಟಲೆ ಮುಂಚೆ ಕೇಳಿ.

ಔಷಧಿಯ ವಿಷಯ. ಮೊದಲು ಉರಿಯೂತ ಇಳಿಸುವ ಮಾತ್ರೆಗಳು, ಊಟದ ಮೇಲೆ, ಪೂರ್ತಿ ಡೋಸಿನಲ್ಲಿ, ದಿನಾ. ಕಿಡ್ನಿ ಪರೀಕ್ಷೆ ಆಗಾಗ. ಒಂದು ಮಾತ್ರೆ ಸಾಲದೆ ಇನ್ನೊಂದಕ್ಕೆ ಬದಲಾಯಿಸಿದರು, ಅದೂ ಸಾಲದಾದಾಗ ಅಡಾಲಿಮುಮಾಬ್ ಇಂಜೆಕ್ಷನ್ ಶುರುವಾಯಿತು. ಎರಡು ವಾರಕ್ಕೊಮ್ಮೆ 40 ಮಿ.ಗ್ರಾಂ., ಚರ್ಮದ ಅಡಿಗೆ, ನಾನೇ ಹಾಕಿಕೊಳ್ಳುತ್ತೇನೆ. ಇದರ ಬಯೋಸಿಮಿಲರ್, ಅಂದರೆ ಬೇರೆ ಕಂಪನಿ ಮಾಡಿದ ಅದೇ ರೀತಿಯ ಔಷಧಿ, ಭಾರತದಲ್ಲಿ 2014ರಿಂದ ಸಿಗುತ್ತಿದೆ. ಆದರೂ ಖರ್ಚು ಸಣ್ಣದಲ್ಲ, ಮನೆಯಲ್ಲಿ ಕೂತು ಮಾತಾಡಿಯೇ ನಿರ್ಧಾರ ಮಾಡಿದೆವು. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಹಾಸ್ಟೆಲ್ ಫ್ರಿಜ್ ನಂಬುವಂತಿರಲಿಲ್ಲ, ಮೈಸೂರಿನಲ್ಲೇ ಮನೆಯಿದ್ದ ಗೆಳೆಯನ ಅಮ್ಮ ಜಾಗ ಕೊಟ್ಟರು.

ಮೆಡಿಕಲ್ ವಿದ್ಯಾರ್ಥಿಗಳು ಇಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಕ್ಷಯ. ಈ ಔಷಧಿ ತಡೆಯುವ ಟಿಎನ್‌ಎಫ್ ಅನ್ನುವ ಅಂಶವೇ ಟಿಬಿ ಬ್ಯಾಕ್ಟೀರಿಯಾವನ್ನು ದೇಹದಲ್ಲಿ ಒಂದು ಕಡೆ ಕಟ್ಟಿಹಾಕಿಡಲು ಬೇಕು. ಅದನ್ನು ತಡೆದರೆ ಒಳಗೆ ಮಲಗಿದ್ದ ಟಿಬಿ ಏಳಬಹುದು. ಅದಕ್ಕೇ ಶುರು ಮಾಡುವ ಮುಂಚೆ ಎದೆಯ ಎಕ್ಸ್‌-ರೇ, ಟಿಬಿ ಸೋಂಕಿನ ಪರೀಕ್ಷೆ, ಹೆಪಟೈಟಿಸ್ ಪರೀಕ್ಷೆ ಕಡ್ಡಾಯವಾಗಿ ಆಗಬೇಕು. ನಮ್ಮ ಕೆಲಸವೋ ಟಿಬಿ ರೋಗಿಗಳ ಪಕ್ಕದಲ್ಲೇ. ಚೆಸ್ಟ್ ಮೆಡಿಸಿನ್ ಪೋಸ್ಟಿಂಗಿಗೆ ಮುಂಚೆ ವಿಭಾಗದ ಮುಖ್ಯಸ್ಥರಿಗೆ ವಿಷಯ ತಿಳಿಸಿದೆ. ಕಫ ಪರೀಕ್ಷೆ ಪಾಸಿಟಿವ್ ಬಂದ ರೋಗಿಗಳ ವಾರ್ಡಿನಿಂದ ನನ್ನನ್ನು ಹೊರಗಿಟ್ಟು, ಬೇರೆ ಕೇಸುಗಳನ್ನು ಕೊಟ್ಟರು. ಉಳಿದ ಕಡೆ ಎನ್‌95 ಮಾಸ್ಕ್ ಇಲ್ಲದೆ ಕಾಲಿಡುವುದಿಲ್ಲ. ಜ್ವರ, ಕೆಮ್ಮು, ತೂಕ ಇಳಿಯುವುದು, ಯಾವುದೇ ಬಂದರೂ ಇಂಜೆಕ್ಷನ್ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕು ಅಂತ ಹೇಳಿದ್ದಾರೆ. ಇದನ್ನು ನಾಚಿಕೆಪಟ್ಟು ಮುಚ್ಚಿಡುವವರು ಇದ್ದಾರೆ. ದಯವಿಟ್ಟು ಮುಚ್ಚಿಡಬೇಡಿ.

ನನ್ನ ದಿನಚರಿಯನ್ನು ಎಲ್ಲ ಬೆನ್ನುನೋವಿಗೂ ಹಚ್ಚಬೇಡಿ. ನನ್ನ ರೂಮ್‌ಮೇಟ್‌ಗೆ ಬಂದದ್ದು ಡಿಸ್ಕ್ ನೋವು. ಬಗ್ಗಿದರೆ, ಕೆಮ್ಮಿದರೆ ಕಾಲಿನುದ್ದಕ್ಕೂ ಕರೆಂಟ್ ಹೊಡೆದ ಹಾಗೆ. ಅವನ ವ್ಯಾಯಾಮವೇ ಬೇರೆ. ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದರೆ, ಮಲಮೂತ್ರದ ಜಾಗದ ಸುತ್ತ ಜೋಮು ಹಿಡಿದರೆ, ಕಾಲುಗಳ ಶಕ್ತಿ ಹೋದರೆ ಅದು ಎಮರ್ಜೆನ್ಸಿ. ಆ ಹೊತ್ತೇ ಆಸ್ಪತ್ರೆಗೆ ಹೋಗಬೇಕು.

ಈಗ ಇಂಟರ್ನ್‌ಶಿಪ್‌ನಲ್ಲಿದ್ದೇನೆ. ಒಪಿಡಿಗೆ ಬೆನ್ನುನೋವು ಅಂತ ಬರುವ ನಲವತ್ತರ ಒಳಗಿನವರಿಗೆಲ್ಲ ಆ ಪಿಜಿ ಮೇಡಂ ನನಗೆ ಕೇಳಿದ ಪ್ರಶ್ನೆಗಳನ್ನೇ ಕೇಳುತ್ತೇನೆ. ಹೆಚ್ಚಿನವರದು ಇದಲ್ಲ. ಆದರೆ ವರ್ಷಗಟ್ಟಲೆ ಮಾತ್ರೆ ನುಂಗಿಕೊಂಡು, ಸೋಮಾರಿ ಅಂತ ಮನೆಯವರಿಂದ ಬೈಸಿಕೊಂಡು ಬಂದವರೂ ಸಿಗುತ್ತಾರೆ. ಈ ಕಾಯಿಲೆ ಕಣ್ಣಿಗೂ ಬರಬಹುದಾದ್ದರಿಂದ, ಅವರನ್ನು ರುಮಟಾಲಜಿಗೆ ಕಳಿಸುವಾಗ ಕಣ್ಣಿನ ವಿಷಯವನ್ನೂ ಹೇಳುತ್ತೇನೆ: ಒಂದು ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲು ಆಗದಿದ್ದರೆ ಅಂಗಡಿಯ ಡ್ರಾಪ್ಸ್ ಹಾಕಿಕೊಂಡು ಕಾಯಬೇಡಿ, ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ, ಬೆನ್ನಿನ ಕಾಯಿಲೆ ಇದೆ ಅಂತಲೂ ತಿಳಿಸಿ.